ಬೂದಿಯ ಹೊಟ್ಟೆನೋವು

ಹಾಕಿದ ಮೇವು ಹಾಕಿದ ಹಾಗೇ ಇತ್ತು. ಗಾಡಿಯ ಕುದುರೆ ಬೂದಿ ಅದಕ್ಕೆ ಮೂತಿ ಕೂಡ ತಾಗಿಸಿರಲಿಲ್ಲ. ಮುಂಗಾಲಿನಿಂದ ನೆಲ ಕೆರೆಯುವುದು, ಕತ್ತು ತಿರುಗಿಸಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುವುದು, ಮತ್ತೆ ಕೆರೆಯುವುದು. ಕರೆಯದೆ ಬಂದ ನೆಂಟರು ಅಲ್ಲೇ ಬೀಡುಬಿಟ್ಟಿದ್ದಾರೆ, ಏಳಿ ಅಂದರೂ ಏಳುತ್ತಿಲ್ಲ ಅನ್ನುವ ಹಾಗಿತ್ತು ಆ ನೋಟ.

ನಿಂತು ನೋಡುವಷ್ಟು ಪುರುಸೊತ್ತು ಗಾಡಿಯವನಿಗೆ ಇರಲಿಲ್ಲ. ಅವನಿಗೆ ಪುರುಸೊತ್ತು ಅನ್ನುವುದು ಯಾವತ್ತೂ ಇದ್ದದ್ದಲ್ಲ. ಅವನು ಕೂತು ಉಂಡದ್ದನ್ನು ಓಣಿಯಲ್ಲಿ ಯಾರೂ ಕಂಡಿಲ್ಲ. ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಲಗಾಮು. ಹೆತ್ತವರು ಇಟ್ಟ ಹೆಸರು ಎಂದೋ ಮಾಸಿಹೋಗಿ, ಓಣಿಗೆಲ್ಲ ಅವನು ಅವಸರಣ್ಣ. ಇಟ್ಟಿಗೆ ಗೂಡಿನ ಗೇಟಿನ ಮುಂದೆ ಗಾಡಿಗಳು ಸಾಲು ನಿಲ್ಲುತ್ತವಲ್ಲ, ಅದರಲ್ಲಿ ಮೊದಲ ಗಾಡಿ ಅವನದು. ಮೊದಲು ನಿಂತವನಿಗೆ ಮೊದಲ ಹೊರೆ. ತಡವಾದವನಿಗೆ ನೆತ್ತಿ ಸುಡುವ ಬಿಸಿಲು, ಮೇಸ್ತ್ರಿಯ ಬೈಗುಳ.

"ಬಾರೇ ತಾಯಿ, ನಾಟಕ ಸಾಕು," ಅನ್ನುತ್ತ ಅವನು ಲಗಾಮು ತೆಗೆದುಕೊಂಡ.

"ನಾಟಕ ಅಲ್ಲ ರೀ," ಅಂದಳು ಹೆಂಡತಿ, ಪೊರಕೆ ಹಿಡಿದು ಲಾಯದ ಬಾಗಿಲಲ್ಲೇ ನಿಂತು. "ನಿನ್ನೆ ಸಂಜೆಯಿಂದ ಲದ್ದಿ ಹಾಕಿಲ್ಲ. ನೋಡಿ, ಗುಡಿಸೋಕೆ ಏನೂ ಇಲ್ಲ."

"ಒಳ್ಳೇದಾಯ್ತಲ್ಲ, ನಿನಗೊಂದು ಕೆಲಸ ಕಮ್ಮಿ."

"ನಿಮಗೆ ಒಂದು ದಿನ ಹೊಟ್ಟೆ ಕಟ್ಟಿಕೊಂಡ್ರೆ ಮನೆಮಂದಿಯನ್ನೆಲ್ಲ ಹಿಡಿದು ಬೈತೀರಿ. ಅದು ಪಾಪ ಯಾರನ್ನ ಬೈಯಬೇಕು?"

ಅವಸರಣ್ಣ ಉತ್ತರ ಕೊಡುವ ಮೊದಲೇ ಬೂದಿ ಮೊಣಕಾಲು ಮಡಚಿ ಧೊಪ್ಪನೆ ಕುಸಿಯಿತು. ಬೆನ್ನ ಮೇಲೆ ಹೊರಳಲು ಹೋಯಿತು. ನಾಲ್ಕು ಕಾಲೂ ಗಾಳಿಯಲ್ಲಿ ಒದ್ದಾಡಿದವು. ಕಿವಿಯ ಹಿಂದೆ, ತೊಡೆಯ ಸಂದಿಯಲ್ಲಿ ಬೆವರು ಜಿನುಗಿತ್ತು.

ಅವನ ಕೈಯ ಲಗಾಮು ಕೆಳಗೆ ಬಿತ್ತು. ಕೆಂಪ ಹೋದದ್ದೂ ಹೀಗೇ. ಬೂದಿಗಿಂತ ಮೊದಲು ಇದೇ ಲಾಯದಲ್ಲಿದ್ದ ಕುದುರೆ ಅದು, ಇದೇ ನೆಲದಲ್ಲಿ ಹೊರಳಿತ್ತು. ಕೆಂಪ ಹೋದ ಮೇಲೆ ಈ ಮನೆ ಎಷ್ಟು ಕಾಲ ಕೈಗಾಡಿ ತಳ್ಳಿತು ಅನ್ನುವುದು ಅವನ ಭುಜಕ್ಕೆ ಇನ್ನೂ ನೆನಪಿದೆ. ಬೂದಿಯೂ ಹೋದರೆ ಮತ್ತೆ ತಳ್ಳುವ ಭುಜ ಅವನಲ್ಲಿ ಉಳಿದಿಲ್ಲ.

"ಲಾಳದಜ್ಜನ್ನ ಕರ್ಕೊಂಡು ಬರ್ತೀನಿ," ಅಂದವನೇ ಓಡಿದ.

ಹೆಂಡತಿ ಬೇರೆ ದಿಕ್ಕಿಗೆ ಕೂಗು ಹಾಕಿದಳು. ಗೋಡೆಯಾಚೆ ಅವಳ ತಂಗಿಯ ಹಟ್ಟಿ. ತಂಗಿ ಹಾಲಿಗೆ ಹಸು ಕಟ್ಟಿದವಳು. ಅವಳ ಮಾತು ಚುರುಕು, ಕೈ ಅದಕ್ಕಿಂತ ಚುರುಕು. ಕೆಚ್ಚಲು ತೊಳೆದ ಒದ್ದೆ ಕೈಯಲ್ಲೇ ಬಂದು ಬೂದಿಯನ್ನು ಒಂದು ಸುತ್ತು ನೋಡಿದಳು.

"ಅಕ್ಕ, ಡಾಕ್ಟರಮ್ಮನಿಗೆ ಫೋನ್ ಮಾಡ್ತೀನಿ."

"ನಿಮ್ಮ ಭಾವ ಒಪ್ಪಲ್ಲ ಕಣೇ."

"ಹೊಟ್ಟೆನೋವು ಭಾವನಿಗೆ ಬಂದಿದ್ರೆ ಅವರ ಒಪ್ಪಿಗೆ ಕೇಳ್ತಿದ್ದೆ."

ಓಣಿಯ ಕುದುರೆಗಳಿಗೆ ಲಾಳ ಕಟ್ಟುವ ಲಾಳದಜ್ಜನನ್ನು ಅವಸರಣ್ಣ ಕರೆದುಕೊಂಡು ಬರುವ ಹೊತ್ತಿಗೆ ನಾದಿನಿಯ ಕಿವಿಯಲ್ಲಿ ಫೋನು ಇತ್ತು. ಯಾರಿಗೆ ಅನ್ನುವುದು ಅವನಿಗೆ ಕೇಳದೆಯೇ ತಿಳಿಯಿತು.

"ಇಡು ಫೋನು," ಅಂದ. "ಆ ಡಾಕ್ಟ್ರು ಈ ಮನೆ ಹೊಸ್ತಿಲು ತುಳಿಯೋದು ಬೇಡ. ಕೆಂಪನಿಗೆ ಸೂಜಿ ಚುಚ್ಚಿದ್ರು, ಸೂಜಿ ತೆಗೆಯೋದ್ರೊಳಗೆ ಪ್ರಾಣ ಹೋಯ್ತು. ಓಣಿಯಲ್ಲಿ ಯಾರನ್ನ ಬೇಕಾದ್ರೂ ಕೇಳು."

ಓಣಿಯಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು, ನಿಜ. ಪಶುವೈದ್ಯರಿಗೆ ಅಲ್ಲಿ ಇಟ್ಟ ಹೆಸರೇ ಕೊನೆ ಡಾಕ್ಟರು. ಮೊದಲು ಮನೆಮದ್ದು, ಆಮೇಲೆ ಪಕ್ಕದ ಮನೆಯ ಮದ್ದು, ಆಮೇಲೆ ಲಾಳದಜ್ಜನ ಎಣ್ಣೆ, ಆಮೇಲೆ ಅಂಗಡಿಯವನು ಕೊಟ್ಟ ಯಾವುದೋ ಮಾತ್ರೆ. ಪ್ರಾಣಿಯ ಕಣ್ಣು ಮೇಲಾದಾಗ ಡಾಕ್ಟರು. ಹಾಗೆ ಕರೆದರೆ ಡಾಕ್ಟರ ಎದುರಿಗೇ ಸಾಯದೆ ಅದು ಇನ್ನೆಲ್ಲಿ ಸಾಯಬೇಕು?

"ಭಾವ, ಮನೆ ಸುಟ್ಟು ಕರಕಲಾದ ಮೇಲೆ ನೀರು ತರಿಸಿ, ನೀರೇ ಮನೆ ಸುಟ್ಟಿತು ಅಂತೀರಲ್ಲ," ಅಂದಳು ನಾದಿನಿ. "ನನ್ನ ಹಟ್ಟಿಗೆ ಅವರು ಬರ್ತಾನೇ ಇರ್ತಾರೆ. ಕಾಲುಬಾಯಿ ರೋಗಕ್ಕೆ ಸೂಜಿ ಹಾಕ್ತಾರೆ, ಜಂತುಹುಳುವಿಗೆ ಔಷಧ ಕೊಡ್ತಾರೆ. ಯಾವ ಹಸು ಸತ್ತಿದೆ ತೋರಿಸಿ."

"ಅದು ಹಸು. ಇದು ಕುದುರೆ."

"ಗೊತ್ತು, ಕೊಂಬಿಲ್ಲ ಇದಕ್ಕೆ."

ಅಷ್ಟರಲ್ಲಿ ಫೋನಿನಿಂದ ಡಾಕ್ಟರಮ್ಮನ ದನಿ ಬಂತು. ನಾದಿನಿ ಎಲ್ಲರಿಗೂ ಕೇಳುವ ಹಾಗೆ ಫೋನು ಎತ್ತಿ ಹಿಡಿದಳು.

"ವಸಡು ನೋಡಿ. ಯಾವ ಬಣ್ಣ?"

ಹೆಂಡತಿ ಬೂದಿಯ ತುಟಿ ಮಡಚಿ ನೋಡಿದಳು. "ತಿಳಿ ಗುಲಾಬಿ, ಡಾಕ್ಟರಮ್ಮ."

"ಸದ್ಯ. ಮೇವು ಎಲ್ಲ ತೆಗೆದಿಡಿ. ತುಂಬಾ ಹೊರಳಾಡಿದ್ರೆ ಎಬ್ಬಿಸಿ ನಿಧಾನವಾಗಿ ನಡೆಸಿ, ಓಡಿಸಬೇಡಿ. ಜೋರಾಗಿ ಒದ್ದಾಡುವಾಗ ಕಾಲಿನ ಹತ್ತಿರ ಹೋಗಬೇಡಿ. ಬಾಯಿಗೆ ಮಾತ್ರ ಏನೂ ಸುರಿಯಬೇಡಿ. ಎಣ್ಣೆ ಬೇಡ, ಕಷಾಯ ಬೇಡ. ಸುರಿಯುವಾಗ ಕುದುರೆ ಕೆಮ್ಮಿತು ಅಂದ್ರೆ ಅದು ಎದೆಗೆ ಇಳೀತು ಅಂತಲೇ ತಿಳೀರಿ. ಆಮೇಲೆ ನಾನು ಬಂದ್ರೂ ಮಾಡೋಕೆ ಹೆಚ್ಚೇನೂ ಉಳಿಯಲ್ಲ. ಇಲ್ಲೊಂದು ಹಸುವಿಗೆ ಕರು ಅಡ್ಡ ಸಿಕ್ಕಿದೆ. ಅದನ್ನ ಹೊರಗೆ ತೆಗೆದವಳೇ ಹೊರಡ್ತೀನಿ."

ಲಾಳದಜ್ಜ ತನ್ನ ಚೀಲ ಕೆಳಗಿಟ್ಟ. ಚೀಲದಲ್ಲಿ ಎಣ್ಣೆ ಬಾಟಲಿಯೂ ಗೊಟ್ಟವೂ ಇದ್ದವು. ಗೊಟ್ಟ ಅಂದರೆ ತುದಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ, ದನಕ್ಕೆ ಕುದುರೆಗೆ ಮದ್ದು ಸುರಿಯುವುದಕ್ಕೆ. ಓಣಿಯ ಯಾವ ಕುದುರೆಯ ಯಾವ ಗೊರಸು ಯಾವ ಕಡೆ ಸವೆಯುತ್ತದೆ ಅನ್ನುವುದನ್ನು ಅವನು ಕಣ್ಣು ಮುಚ್ಚಿ ಹೇಳಬಲ್ಲ.

"ಹೊಟ್ಟೆ ಕಟ್ಟಿದೆ, ಎಣ್ಣೆ ಬಿಟ್ರೆ ಜಾರುತ್ತೆ," ಅಂದ. "ನನ್ನಪ್ಪ ಮಾಡಿದ್ದೂ ಇದೇ. ಆಯಮ್ಮ ಅಲ್ಲೆಲ್ಲೋ ಕೂತು ಇಲ್ಲಿನ ಕುದುರೆ ನೋಡ್ತಾಳಾ?"

"ಅವರು ಬರಲಿ ಅಜ್ಜ," ಅಂದಳು ಹೆಂಡತಿ.

"ಬರೋವರೆಗೆ ಇದು ಇರಬೇಕಲ್ಲ."

ಅವಸರಣ್ಣನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಬೂದಿಯನ್ನು ಎಬ್ಬಿಸಿ ಅಂಗಳದಲ್ಲಿ ನಡೆಸತೊಡಗಿದ. ನಿಧಾನವಾಗಿ ನಡೆಯುವುದು ಎಷ್ಟು ಕಷ್ಟ ಅನ್ನುವುದು ಆ ಮನುಷ್ಯನಿಗೆ ಅವತ್ತೇ ಗೊತ್ತಾದದ್ದು. ಗೋಡೆಯಿಂದ ನೀರಿನ ತೊಟ್ಟಿಯವರೆಗೆ, ತೊಟ್ಟಿಯಿಂದ ಗೋಡೆಯವರೆಗೆ. ಬೂದಿ ನಿಲ್ಲುತ್ತದೆ, ಪಕ್ಕೆ ನೋಡುತ್ತದೆ. ಇವನು ಓಣಿಯ ತಿರುವು ನೋಡುತ್ತಾನೆ. ಸ್ಕೂಟರಿನ ಸದ್ದು ಕೇಳಿದ ಹಾಗಾಗುತ್ತದೆ, ನೋಡಿದರೆ ಹಿಟ್ಟಿನ ಗಿರಣಿ.

ಜೇಬಿನಲ್ಲಿ ಫೋನು ಅದುರಿತು. ಗೂಡಿನ ಮೇಸ್ತ್ರಿ.

"ಎಲ್ಲಯ್ಯಾ ಗಾಡಿ? ಬೆಂಕಿ ಆರಿಸಿ ಇಟ್ಟಿಗೆ ಇಳಿಸಿ ಆಯ್ತು, ನಿನ್ನ ಜಾಗ ಖಾಲಿ ಇದೆ."

"ಕುದುರೆಗೆ ಹುಷಾರಿಲ್ಲ ಸ್ವಾಮಿ. ಹೊಟ್ಟೆನೋವು."

"ಸತ್ರೆ ಇನ್ನೊಂದು ತಗೋ. ನಾಳೆಯಿಂದ ನಿನ್ನ ಜಾಗದಲ್ಲಿ ಬೇರೆಯವರು ನಿಲ್ತಾರೆ, ಆಮೇಲೆ ಅತ್ತರೆ ನಾನು ಕೇಳಲ್ಲ."

ಫೋನು ಕಟ್ಟಾಯಿತು. ಅವಸರಣ್ಣ ಅದನ್ನೇ ನೋಡುತ್ತ ನಿಂತ. ಗೂಡಿನ ಯಜಮಾನನ ಸವಾರಿ ಕುದುರೆ ಒಂದು ಸಲ ಸೀನಿದರೆ ಪಟ್ಟಣದಿಂದ ಡಾಕ್ಟರ ಕಾರು ಬಂದು ನಿಲ್ಲುವುದನ್ನು ಗಾಡಿಯವರೆಲ್ಲ ಕಂಡಿದ್ದಾರೆ. ಆ ಕುದುರೆ ಒಂದು ಇಟ್ಟಿಗೆಯನ್ನೂ ಎಳೆದದ್ದಿಲ್ಲ. ಊರಿನ ಗೋಡೆಗಳನ್ನೆಲ್ಲ ಎಳೆದು ತಂದ ಕುದುರೆಗೆ ಮಾತ್ರ ಬಿದಿರಿನ ಗೊಟ್ಟ. ಇದನ್ನು ಹಣೆಬರಹ ಅಂದುಕೊಂಡೇ ಅವನಪ್ಪ ಬದುಕಿದ್ದ, ಇವನೂ ಬದುಕಿದ್ದ. ಹಣೆಯ ಮೇಲೆ ಇದನ್ನು ಬರೆದ ಕೈ ಯಾರದು ಅಂತ ಇಬ್ಬರೂ ತಿರುಗಿ ನೋಡಿರಲಿಲ್ಲ.

ಬೂದಿ ಮತ್ತೆ ಕುಸಿಯಿತು. ಈ ಸಲ ನರಳಿತು ಕೂಡ. ಹಲ್ಲು ಕಡಿಯುವ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ಅವಸರಣ್ಣನ ತಾಳ್ಮೆ ಅಲ್ಲಿಗೆ ಮುಗಿಯಿತು. "ಹಾಕು ಅಜ್ಜ ಹಗ್ಗ," ಅಂದ.

"ಭಾವ, ಬೇಡ," ಅಂದಳು ನಾದಿನಿ.

"ನಿನ್ನ ಡಾಕ್ಟರು ಎಲ್ಲಿ? ತೋರಿಸು, ನಿಲ್ತೀನಿ."

ನಾದಿನಿ ಹೊರಗೆ ಇಣುಕಿದಳು. ಓಣಿಯ ತಿರುವು ಖಾಲಿಯಾಗಿತ್ತು.

ಅಜ್ಜ ಬೂದಿಯನ್ನು ಎಬ್ಬಿಸಿ ಲಾಯದೊಳಗೆ ನಿಲ್ಲಿಸಿದ. ತೊಲೆಯ ಮೇಲೆ ಹಗ್ಗ ಎಸೆದು ಒಂದು ತುದಿಯನ್ನು ಬಾಯಿಪಟ್ಟಿಗೆ ಕಟ್ಟಿ, ಇನ್ನೊಂದು ತುದಿ ಅವಸರಣ್ಣನ ಕೈಗೆ ಕೊಟ್ಟ. ಅವಸರಣ್ಣ ಎಳೆದ. ಬೂದಿಯ ತಲೆ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ, ಗಂಟಲು ಬಿಲ್ಲಿನ ಹಾಗೆ ಬಿಗಿಯಿತು. ಅಜ್ಜ ಗೊಟ್ಟಕ್ಕೆ ಎಣ್ಣೆ ತುಂಬಿ ತುಟಿಯ ಸಂದಿಗೆ ಇಟ್ಟ.

ಎಣ್ಣೆಯ ವಾಸನೆ ಅವಸರಣ್ಣನ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಕೆಂಪ ಬಂತು. ಇದೇ ತೊಲೆ, ಇದೇ ಹಗ್ಗ. ತಲೆ ಮೇಲೆತ್ತಿ ನಿಂತ ಕೆಂಪ ಕೆಮ್ಮಿತ್ತು. ಒಂದು ಸಲ ಅಲ್ಲ, ಬಿಟ್ಟೂ ಬಿಡದೆ. ಮೂಗಿನ ಹೊಳ್ಳೆಗಳಿಂದ ಎಣ್ಣೆ ಚಿಮ್ಮಿ ಅವನ ಅಂಗಿಯ ಎದೆಗೆ ಹಾರಿತ್ತು. ಹೆಂಡತಿ ಎಷ್ಟು ಉಜ್ಜಿದರೂ ಆ ಕಲೆ ಹೋಗಲಿಲ್ಲ, ಕೊನೆಗೆ ಆ ಅಂಗಿಯನ್ನು ಗಾಡಿಯ ಅಚ್ಚು ಒರೆಸುವುದಕ್ಕೆ ಹಾಕಿದ್ದ. ಡಾಕ್ಟರು ಬಂದದ್ದು ಅದಾದ ಮಾರನೆಯ ದಿನ. ಸೂಜಿ ಹಾಕುವ ಹೊತ್ತಿಗೆ ಕೆಂಪನ ಉಸಿರು ಹರಿದ ತಿದಿಯ ಹಾಗೆ ಗೊರಗುಟ್ಟುತ್ತಿತ್ತು.

ಕೆಮ್ಮಿತು ಅಂದ್ರೆ ಎದೆಗೆ ಇಳೀತು ಅಂತಲೇ ತಿಳೀರಿ.

ಅವನ ಕೈ ತಾನಾಗಿ ಸಡಿಲಾಯಿತು. ಹಗ್ಗ ತೊಲೆಯ ಮೇಲಿಂದ ಸರಸರನೆ ಜಾರಿತು, ಬೂದಿಯ ತಲೆ ಕೆಳಗೆ ಬಂತು, ಗೊಟ್ಟದ ಎಣ್ಣೆಯೆಲ್ಲ ನೆಲಕ್ಕೆ ಚೆಲ್ಲಿತು.

"ಏನಯ್ಯಾ ಇದು," ಅಂದ ಅಜ್ಜ. "ನನ್ನ ಮೇಲೆ ನಂಬಿಕೆ ಹೋಯ್ತಾ?"

"ಕೆಂಪ ಕೆಮ್ಮಿದ್ದು ನೆನಪಿದ್ಯಾ ಅಜ್ಜ?"

ಅಜ್ಜ ಗೊಟ್ಟವನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತ. ಅವನಿಗೂ ನೆನಪಿತ್ತು.

ಅವಸರಣ್ಣ ಬೂದಿಯ ಲಗಾಮು ಹಿಡಿದು ಮತ್ತೆ ಅಂಗಳಕ್ಕೆ ಇಳಿದ. ಗೋಡೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಗೋಡೆಗೆ.

ಕೊನೆಗೂ ಸ್ಕೂಟರು ಬಂತು. ಆಗಷ್ಟೇ ಹುಟ್ಟಿದ ಕರುವಿನ ಲೋಳೆ ಡಾಕ್ಟರಮ್ಮನ ತೋಳಿನ ಮೇಲೆ ಇನ್ನೂ ಒಣಗಿರಲಿಲ್ಲ.

"ಕರು?" ಅಂತ ಕೇಳಿದಳು ನಾದಿನಿ.

"ಹೆಣ್ಣು. ಎದ್ದು ನಿಂತಿದೆ," ಅಂದರು ಡಾಕ್ಟರಮ್ಮ. ಆಮೇಲೆ ಅವಸರಣ್ಣನ ಕಡೆ ತಿರುಗಿ, "ತಡವಾಯ್ತು. ಇಷ್ಟು ಊರಿಗೆ ನಾನೊಬ್ಬಳೇ. ಬಾಯಿಗೆ ಏನಾದ್ರೂ ಹಾಕಿದ್ರಾ?" ಅಂತ ಕೇಳಿದರು.

ಅವನು ನೆಲದ ಮೇಲಿನ ಎಣ್ಣೆಯ ಕಡೆ ನೋಡಿದ. "ಹಾಕೋಕೆ ಹೋಗಿದ್ದೆ. ಹಾಕಲಿಲ್ಲ."

ಅವರು ಅವನನ್ನೊಮ್ಮೆ ನೋಡಿದರು. ಬೈಯಲಿಲ್ಲ. ಬೂದಿಯ ಎದೆಗೆ, ಹೊಟ್ಟೆಯ ಎರಡೂ ಬದಿಗೆ ಸ್ಟೆತಸ್ಕೋಪು ಇಟ್ಟು ಕೇಳಿದರು. ನೋವಿಗೆ ಒಂದು ಸೂಜಿ ಹಾಕಿದರು. ಭುಜದವರೆಗೆ ಬರುವ ಕೈಗವಸು ತೊಟ್ಟು ಬಾಲದ ಕಡೆಯಿಂದ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ತಡಕಿದರು.

"ಕರುಳಿನಲ್ಲಿ ಒಣ ಮೇವು ಗಟ್ಟಿಯಾಗಿ ಕೂತಿದೆ. ಕರುಳು ತಿರುಚಿಕೊಂಡ ಹಾಗಿಲ್ಲ, ಅದು ನಮ್ಮ ಪುಣ್ಯ. ಎಣ್ಣೆ ಹಾಕಬೇಕು."

ಗೋಡೆಯ ಬಳಿ ಕೂತಿದ್ದ ಅಜ್ಜ ತಲೆಯೆತ್ತಿದ. "ಎಣ್ಣೇನಾ?"

"ಎಣ್ಣೆ ಮತ್ತು ನೀರು. ಜಾರಿಸಬೇಕು ಅನ್ನೋ ನಿಮ್ಮ ಯೋಚನೆ ಸರಿ ಅಜ್ಜ. ಹಾಕೋ ದಾರಿ ಬೇರೆ, ಹಾಕೋ ಎಣ್ಣೇನೂ ಬೇರೆ. ಬನ್ನಿ, ತಲೆ ಹಿಡೀರಿ. ನಿಮ್ಮ ಕೈಗೆ ಹೆದರದೆ ನಿಲ್ಲುತ್ತೆ."

ಅಜ್ಜ ಎದ್ದು ಬಂದ. ಡಾಕ್ಟರಮ್ಮ ಉದ್ದನೆಯ ಮೆತ್ತನೆ ಕೊಳವೆಯನ್ನು ಬೂದಿಯ ಮೂಗಿನ ಹೊಳ್ಳೆಯೊಳಗೆ ಬಿಟ್ಟರು. ಅದು ನುಂಗುವುದನ್ನು ಕಾದು ಇಷ್ಟಿಷ್ಟೇ ಒಳಕ್ಕೆ ತಳ್ಳಿದರು. ಕತ್ತಿನ ಎಡಬದಿಯಲ್ಲಿ ಕೊಳವೆ ಇಳಿಯುವುದನ್ನು ಅವಸರಣ್ಣನ ಬೆರಳಿಗೇ ಮುಟ್ಟಿಸಿ ತೋರಿಸಿದರು. ಹೊರಗಿನ ತುದಿಯನ್ನು ಮೂಗಿಗೆ ಹಿಡಿದು, ಹುಳಿಹುಳಿ ವಾಸನೆ ಬಂದ ಮೇಲೆಯೇ ತಲೆಯಾಡಿಸಿದರು.

"ಹೊಟ್ಟೆಗೇ ಹೋಗಿದೆ, ಎದೆಗಲ್ಲ. ಈ ಕೊಳವೆ ನೋಡಿ ನೀವೂ ಒಂದು ತಂದುಕೊಂಡು ಶುರು ಮಾಡಬೇಡಿ. ದಾರಿ ತಪ್ಪಿದ್ರೆ ಇದೂ ಗೊಟ್ಟವೇ. ಕುದುರೆಗೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋದ ತಪ್ಪು ಹೊರಗೆ ಬರೋದಿಲ್ಲ."

ಎಣ್ಣೆ ಇಳಿಯಿತು. ಅದರ ಹಿಂದೆ ಬೆಚ್ಚಗಿನ ನೀರು ಇಳಿಯಿತು. ಬೂದಿ ಒಂದು ಸಲವೂ ಕೆಮ್ಮಲಿಲ್ಲ.

ಹೆಂಡತಿ ಗೋದಲಿಯಿಂದ ಏನೋ ತೆಗೆದುಕೊಂಡು ಬಂದಳು. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳು. "ಡಾಕ್ಟರಮ್ಮ, ಇದು ಯಾಕೋ ಇತ್ತೀಚೆಗೆ ಹೀಗೆ ಬೀಳಿಸುತ್ತೆ. ಇವರು ಸೊಕ್ಕು ಅಂತಾರೆ."

"ಸೊಕ್ಕಲ್ಲ, ಹಲ್ಲು. ಕುದುರೆಯ ಹಲ್ಲು ಬೆಳೀತಾನೇ ಇರುತ್ತೆ, ಅಂಚು ಚೂಪಾಗಿ ಕೆನ್ನೆ ಕುಯ್ಯುತ್ತೆ. ಅಗಿಯೋಕಾಗದೆ ಹಾಗೇ ನುಂಗುತ್ತೆ. ಸುಧಾರಿಸಿಕೊಳ್ಳಲಿ, ಬಂದು ಅರ ಹಾಕಿ ಸವರ್ತೀನಿ. ನೀವು ಗುಡಿಸುವಾಗ ನೋಡ್ತೀರಲ್ಲ, ಅದೇ ಅರ್ಧ ವೈದ್ಯ. ಇನ್ನೊಂದು ಹೇಳಿ, ಕೆಲಸದ ಹೊತ್ತಲ್ಲಿ ಇದು ನೀರು ಎಷ್ಟು ಕುಡಿಯುತ್ತೆ?"

ಹೆಂಡತಿ ಗಂಡನ ಮುಖ ನೋಡಿದಳು. ಕೊನೆಗೆ ಅವಸರಣ್ಣನೇ ಬಾಯಿಬಿಟ್ಟ.

"ಬೆಳಿಗ್ಗೆ ಹೊರಡುವಾಗ ಕುಡಿಸ್ತೀನಿ. ವಾಪಸ್ ಬಂದ ಮೇಲೆ ಕುಡಿಸ್ತೀನಿ. ನಡುವೆ ಇಲ್ಲ."

"ಇಡೀ ದಿನ ಬಿಸಿಲಲ್ಲಿ ಇಟ್ಟಿಗೆ ಎಳೆದು?"

"ನೀರು ಕುಡಿದ ಕುದುರೆ ದಾರೀಲಿ ಉಚ್ಚೆಗೆ ನಿಲ್ಲುತ್ತೆ ಡಾಕ್ಟರಮ್ಮ. ನಿಂತ್ರೆ ಹಿಂದಿನ ಗಾಡಿ ಮುಂದೆ ಹೋಗುತ್ತೆ. ಸಾಲಲ್ಲಿ ಜಾಗ ಹೋದ್ರೆ ಹೊರೆ ಹೋಯ್ತು. ನಮ್ಮಲ್ಲಿ ಯಾರೂ ಕುಡಿಸಲ್ಲ."

ಹೇಳುತ್ತ ಹೇಳುತ್ತ ಆ ಮಾತು ಅವನಿಗೇ ಮೊದಲ ಸಲ ಕೇಳಿಸಿದ ಹಾಗಾಯಿತು.

ಡಾಕ್ಟರಮ್ಮ ಪೆಟ್ಟಿಗೆ ಮುಚ್ಚಿದರು. "ಈ ಗಟ್ಟಿ ಕೂತಿರೋದು ಹಲ್ಲಿನಿಂದ ಅರ್ಧ, ನೀರಿಲ್ಲದೆ ಅರ್ಧ. ನಾನು ಇವತ್ತು ತೆಗೀಬಹುದು. ನಾಳೆ ಮತ್ತೆ ಕೂರುತ್ತೆ." ಮೇವು ಬೇಡ ಅಂದರು. ನೀರು ಮುಂದೆಯೇ ಇರಲಿ, ಮತ್ತೆ ಹೊರಳಿದರೆ, ವಸಡು ಕಂದಿದರೆ, ಹೊಟ್ಟೆ ಉಬ್ಬಿದರೆ ಹೊತ್ತು ನೋಡದೆ ಕರೆಯಿರಿ ಅಂದರು.

ಮಾರನೆಯ ಬೆಳಿಗ್ಗೆ ಹೆಂಡತಿ ಪೊರಕೆ ಹಿಡಿದು ಲಾಯಕ್ಕೆ ಹೋದವಳು ಗಂಡನನ್ನು ಕೂಗಿದಳು. ಅವಸರಣ್ಣ ಓಡಿ ಬಂದ. ಗೋಡೆಯ ಮೇಲಿಂದ ನಾದಿನಿಯ ತಲೆ ಕಾಣಿಸಿತು. ಲಾಳದಜ್ಜನೂ ಯಾವ ಮಾಯದಲ್ಲೋ ಬಂದು ನಿಂತಿದ್ದ. ನೆಲದ ಮೇಲೆ ಎಣ್ಣೆಯಿಂದ ಮಿರುಗುವ ಲದ್ದಿ. ನಾಲ್ಕೂ ಜನ ಅದನ್ನು ಹೊಸ ಕೂಸನ್ನು ನೋಡುವ ಹಾಗೆ ನೋಡಿದರು.

"ಗುಡಿಸು, ಇನ್ನು ನಿನಗೆ ಕೆಲಸ ಬಂತು," ಅಂದ ಅವಸರಣ್ಣ.

"ಇವತ್ತು ನೀವೇ ಗುಡಿಸಿ," ಅಂದಳು ಹೆಂಡತಿ, ಪೊರಕೆ ಅವನ ಕೈಗಿಟ್ಟು.

ಬೂದಿ ಸುಧಾರಿಸಿಕೊಂಡ ಮೇಲೆ ಡಾಕ್ಟರಮ್ಮ ಹೇಳಿದ ಹಾಗೇ ಬಂದರು. ಹಲ್ಲು ಸವರಿದರು, ಜಂತುಹುಳುವಿಗೆ ಔಷಧ ಕೊಟ್ಟರು, ಧನುರ್ವಾಯು ಬರದ ಹಾಗೆ ಸೂಜಿ ಹಾಕಿದರು. ಅಜ್ಜನ ಜೊತೆ ಒಂದು ಒಪ್ಪಂದವೂ ಆಯಿತು. ಅಜ್ಜ ಲಾಳ ಕಟ್ಟುವ ದಿನ ಓಣಿಯ ಕುದುರೆಗಳೆಲ್ಲ ಒಂದೇ ಕಡೆ ಸೇರುತ್ತವೆ, ಆ ದಿನವೇ ಡಾಕ್ಟರಮ್ಮನೂ ಬರುವುದು. "ಗೊರಸು ನಿಮ್ಮದು, ಹೊಟ್ಟೆ ನನ್ನದು," ಅಂದರು ಅವರು. ಅಜ್ಜ ಗೊಟ್ಟವನ್ನು ಒಲೆ ಊದುವುದಕ್ಕೆ ಮನೆಯಲ್ಲಿ ಕೊಟ್ಟನಂತೆ.

ನೀರಿನ ಮಾತು ಮಾತ್ರ ಹಾಗೇ ಉಳಿದಿತ್ತು.

ಬೂದಿಯನ್ನು ಮತ್ತೆ ಗಾಡಿಗೆ ಹೂಡಿದ ದಿನ ಅವಸರಣ್ಣ ಎಂದಿಗಿಂತ ಬೇಗ ಹೊರಟ. ಸಾಲಿನಲ್ಲಿ ಮೊದಲು ನಿಂತ. ಮೊದಲ ಹೊರೆ ಸಾಗಿಸಿ, ಎರಡನೆಯದಕ್ಕೆ ಗೇಟಿಗೆ ಬಂದಾಗ ಗಾಡಿಯನ್ನು ಗೇಟಿನ ಬಾಯಿಗೇ ಅಡ್ಡ ನಿಲ್ಲಿಸಿದ. ಕೆಳಗಿಳಿದ. ಮಣ್ಣು ಕಲಸಲು ನೀರು ತುಂಬಿಟ್ಟ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಮೊಗೆದು ತಂದು ಬೂದಿಯ ಮುಂದಿಟ್ಟ.

"ಏಯ್, ಏನು ಮಾಡ್ತಿದೀಯ?" ಮೇಸ್ತ್ರಿ ಕೂಗಿದ. "ಸಾಲು ನಿಂತುಹೋಯ್ತು."

"ಕುಡೀತಾ ಇದೆ ಸ್ವಾಮಿ."

"ಆಮೇಲೆ ಕುಡಿಸು."

"ಆಮೇಲೆ ಅಂದ್ರೆ ಯಾವಾಗ? ನೀವು ಬೆಳಿಗ್ಗೆಯಿಂದ ಎಷ್ಟು ಲೋಟ ಕುಡಿದ್ರಿ?"

ಹಿಂದಿನ ಗಾಡಿಯವನು ನಕ್ಕ. "ಏನಣ್ಣ, ಅವಸರ ಎಲ್ಲಿ ಮಾರಿ ಬಂದೆ?"

"ಡಾಕ್ಟರಮ್ಮನ ಹತ್ರ ಬಿಟ್ಟು ಬಂದೆ. ನಿನ್ನ ಕುದುರೆ ನಾಲಿಗೆ ನೋಡು, ಒಣಗಿ ಚಕ್ಕೆ ಆಗಿದೆ. ಇಳಿ ಕೆಳಗೆ. ನಾವೆಲ್ಲ ಕುಡಿಸಿದ್ರೆ ಯಾರ ಜಾಗ ಯಾರು ಕಿತ್ಕೋತಾರೆ?"

ಅವನು ಬಗ್ಗಿ ತನ್ನ ಕುದುರೆಯ ಬಾಯಿ ನೋಡಿದ. ಆಮೇಲೆ ಇಳಿದ. ಅವನ ಹಿಂದಿನವನೂ ಇಳಿದ. ಗಾಡಿಗಳ ಸಾಲು ಅಲ್ಲಾಡದೆ ನಿಂತಿತು. ಕುದುರೆಗಳು ನೀರು ಹೀರುವ ಸದ್ದು ಗೇಟಿನಿಂದ ರಸ್ತೆಯವರೆಗೆ ಕೇಳುತ್ತಿತ್ತು. ಮೇಸ್ತ್ರಿ ಯಾರನ್ನು ಮೊದಲು ಬೈಯಬೇಕು ಅಂತ ತಿಳಿಯದೆ ತನ್ನ ಕೊಡೆ ಬಿಚ್ಚಿದ, ಮಡಚಿದ. ಜೀವಮಾನದಲ್ಲಿ ಮೊದಲ ಸಲ ಅವಸರಣ್ಣ ಯಾವುದಕ್ಕೂ ಅವಸರ ಮಾಡದೆ, ಬಕೆಟ್ಟು ಬರಿದಾಗುವವರೆಗೆ ನಿಂತ.

ಓದುತ್ತಿರುವ ಅಕ್ಕ, ಕೇಳುತ್ತಿರುವ ಅಣ್ಣ, ಈಗ ನಿಮ್ಮ ಲಾಯಕ್ಕೆ, ನಿಮ್ಮ ಹಟ್ಟಿಗೆ ಹೋಗಿ ಒಂದು ಗಳಿಗೆ ನಿಂತು ನೋಡಿ. ಮೇವು ಮುಗಿದಿದೆಯೇ, ನೀರು ಮುಂದಿದೆಯೇ, ನಿನ್ನೆಯಂತೆಯೇ ಸಗಣಿ ಲದ್ದಿ ಬಿದ್ದಿದೆಯೇ? ಏನೋ ಸರಿಯಿಲ್ಲ ಅನ್ನಿಸಿದರೆ ಪಶುವೈದ್ಯರನ್ನು ಮೊದಲೇ ಕರೆಯಿರಿ, ಎಲ್ಲ ಮದ್ದು ಮುಗಿದ ಮೇಲಲ್ಲ. ಅವರು ಬರುವವರೆಗೆ ಬಾಯಿಗೆ ಏನನ್ನೂ ಸುರಿಯಬೇಡಿ. ಪ್ರಾಣಿ ಚೆನ್ನಾಗಿರುವಾಗಲೂ ಕರೆಯಿರಿ. ಸೂಜಿ, ಹುಳುವಿನ ಔಷಧ, ಹಲ್ಲಿನ ಪರೀಕ್ಷೆ ಇವೆಲ್ಲ ಚೆನ್ನಾಗಿರುವಾಗಲೇ ಮಾಡಿಸಬೇಕಾದವು. ಹತ್ತಾರು ಊರಿಗೆ ಒಬ್ಬರೇ ಡಾಕ್ಟರಿದ್ದರೆ ಅವರ ಮೇಲೆ ಸಿಟ್ಟಾಗಬೇಡಿ. ಇನ್ನೊಬ್ಬರು ಬೇಕು ಅಂತ ಒಟ್ಟಾಗಿ ಹೋಗಿ ಕೇಳಿ. ಕೈಮುಗಿದು ಬೇಡಬೇಕಾದ ದಯೆಯಲ್ಲ ಅದು, ನಿಮಗೆ ಸಲ್ಲಬೇಕಾದದ್ದು. ನಿಮ್ಮ ಕುದುರೆ ಬಾಯಾರಿದೆ ಅಂತ ಹೇಳಲಾರದು. ನಿಮಗೆ ಬಾಯಿದೆ. ಅದರ ಪರವಾಗಿ ನೀವು ಹೇಳಿ, ಸಾಲು ನಿಂತರೆ ನಿಲ್ಲಲಿ.